ವಕೀಲರ ಮುಂದೆ ಮೊದಲ ಮಾತು

ಇಶಾ ನಮಾಝ್ ಮುಗಿಸಿ ಊಟಕ್ಕೆ ಕುಳಿತಿದ್ದೀರಿ. ಅಷ್ಟರಲ್ಲಿ ಫೋನ್ ಬರುತ್ತದೆ. ಪೇಟೆಯಲ್ಲಿ ಜಗಳವಾಗಿದೆ, ಒಬ್ಬರ ತಲೆಗೆ ಪೆಟ್ಟಾಗಿದೆ, ನಿಮ್ಮ ಮಗನನ್ನು ಪೊಲೀಸರು ಠಾಣೆಗೆ ಕರೆದೊಯ್ದಿದ್ದಾರೆ. ಒಂದು ಗಂಟೆಯೊಳಗೆ ಮನೆ ತುಂಬ ಜನ. ಒಬ್ಬರು ಒಬ್ಬ ವಕೀಲರ ಹೆಸರು ಹೇಳುತ್ತಾರೆ. ಇನ್ನೊಬ್ಬರು "ದುಡ್ಡು ಕೊಟ್ಟರೆ ಎಲ್ಲ ಮುಗಿಯುತ್ತದೆ" ಎನ್ನುತ್ತಾರೆ. ಪತ್ನಿಯ ಸಹೋದರ ನಿಮ್ಮನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟುತ್ತಾನೆ: "ಭಾವಾ, ಆ ಹೊತ್ತಿಗೆ ಅವನು ನಮ್ಮ ಮನೆಯಲ್ಲಿದ್ದ ಎಂದು ನಾನು ಸಾಕ್ಷಿ ಹೇಳುತ್ತೇನೆ. ನಾಳೆ ವಕೀಲರಿಗೂ ಹಾಗೆಯೇ ಹೇಳೋಣ."

ನೀವೇನು ಉತ್ತರಿಸುವಿರಿ?

ಪ್ರಿಯ ಓದುಗರೇ, ಇಂತಹ ರಾತ್ರಿ ಯಾರ ಮನೆಗೂ ಬರದಿರಲಿ. ಆದರೆ ಬಂದಾಗ ನಮ್ಮ ಈಮಾನ್ ಪರೀಕ್ಷೆಗೊಳಗಾಗುವುದು ನ್ಯಾಯಾಲಯದಲ್ಲಿ ಅಲ್ಲ, ಅದಕ್ಕಿಂತ ಮೊದಲು, ವಕೀಲರ ಕೋಣೆಯಲ್ಲಿ ನಾವಾಡುವ ಮೊದಲ ಮಾತಿನಲ್ಲಿ.

ನಮ್ಮ ಸಮಾಜದಲ್ಲಿ ಈ ವಿಷಯದಲ್ಲಿ ಎರಡು ಅತಿರೇಕಗಳಿವೆ. "ತಪ್ಪು ಮಾಡಿದವನಿಗೆ ವಕೀಲರನ್ನು ನೇಮಿಸುವುದು ಪಾಪಕ್ಕೆ ನೆರವಾದಂತೆ" ಎಂದು ಕೆಲವರು ಕೈ ತೊಳೆದುಕೊಳ್ಳುತ್ತಾರೆ. "ನಮ್ಮವನಲ್ಲವೇ, ಸುಳ್ಳು ಹೇಳಿಯಾದರೂ ಬಿಡಿಸಬೇಕು" ಎಂದು ಇನ್ನು ಕೆಲವರು ಟೊಂಕ ಕಟ್ಟುತ್ತಾರೆ. ಇವೆರಡೂ ಇಸ್ಲಾಮಿನ ದಾರಿಯಲ್ಲ.

ಮೊದಲನೆಯದನ್ನು ನೋಡೋಣ. ಪ್ರವಾದಿವರ್ಯರು(ಸ) ಹ. ಅಲಿ(ರ)ಯವರನ್ನು ನ್ಯಾಯಾಧೀಶರಾಗಿ ಯಮನ್‌ಗೆ ಕಳುಹಿಸುವಾಗ, ಎದುರು ಪಕ್ಷದವನ ಮಾತನ್ನೂ ಕೇಳದೆ ತೀರ್ಪು ನೀಡಬಾರದೆಂದು ಕಲಿಸಿದರು. ಆರೋಪ ಹೊರಿಸುವವನೇ ಪುರಾವೆ ಒದಗಿಸಬೇಕು ಎಂಬುದು ಶರೀಅತ್‌ನ ಮೂಲ ತತ್ವ. ಅಂದ ಮೇಲೆ ಆರೋಪಿಯ ಮಾತು ನ್ಯಾಯಾಧೀಶರಿಗೆ ತಲುಪಬೇಕು. ಕಾನೂನಿನ ಭಾಷೆ ತಿಳಿಯದ, ಭಯದಿಂದ ನಾಲಿಗೆ ಒಣಗಿದ ಹುಡುಗನ ಮಾತನ್ನು ತಲುಪಿಸುವವರು ಯಾರು?

ಇಲ್ಲಿ ಹ. ಮೂಸಾ(ಅ)ರನ್ನು ನೆನಪಿಸಿಕೊಳ್ಳಿ. ಜಗಳದಲ್ಲಿ ಅವರು ನೀಡಿದ ಒಂದೇ ಹೊಡೆತಕ್ಕೆ ಒಬ್ಬನು ಸತ್ತಿದ್ದನು. ಕೊಲ್ಲುವ ಉದ್ದೇಶ ಅವರಿಗಿರಲಿಲ್ಲ. ವರ್ಷಗಳ ನಂತರ ಫಿರ್‌ಔನನ ಆಸ್ಥಾನಕ್ಕೆ ಹೋಗುವಂತೆ ಅಲ್ಲಾಹನ ಆಜ್ಞೆಯಾದಾಗ, ತನ್ನ ಮೇಲೆ ಆ ಆರೋಪವಿರುವುದನ್ನು ಅವರು ಮುಚ್ಚಿಡಲಿಲ್ಲ. ತನಗಿಂತ ಚೆನ್ನಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕಳುಹಿಸಬೇಕೆಂದು ಪ್ರಾರ್ಥಿಸಿದರು. ಏತಕ್ಕಾಗಿ? ಸುಳ್ಳನ್ನು ಅಲಂಕರಿಸಲಿಕ್ಕಲ್ಲ, ತನ್ನ ಸತ್ಯವನ್ನು ಸಮರ್ಥಿಸಲಿಕ್ಕೆ (ಕುರ್‌ಆನ್ 28:33-34). ಫಿರ್‌ಔನನು ಹಳೆಯದನ್ನು ಎತ್ತಿ ಆಡಿದಾಗಲೂ ಅವರು ನಿರಾಕರಿಸಲಿಲ್ಲ. ನಡೆದುದನ್ನು ನಡೆದಂತೆ ಒಪ್ಪಿದರು (26:20). ನಿರರ್ಗಳವಾಗಿ ಮಾತನಾಡಬಲ್ಲವರ ನೆರವು ಪಡೆಯುವುದು ತಪ್ಪಲ್ಲ ಎನ್ನಲು ಇದಕ್ಕಿಂತ ದೊಡ್ಡ ಆಧಾರ ಬೇಕೇ?

ನಮ್ಮ ದೇಶದ ಕಾನೂನೂ ಈ ಹಕ್ಕನ್ನು ನೀಡಿದೆ. ಬಂಧಿತನು ತಾನು ಆರಿಸಿದ ವಕೀಲರನ್ನು ಭೇಟಿಯಾಗಬಹುದು ಮತ್ತು ಅವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದು ಎನ್ನುತ್ತದೆ 20ನೇ ವಿಧಿ. ಯಾವುದೇ ಆರೋಪಿಯ ಪರ ಯಾರೂ ವಾದಿಸಬಾರದೆಂದು ವಕೀಲರ ಸಂಘಗಳು ಕೈಗೊಳ್ಳುವ ನಿರ್ಣಯಗಳು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿದೆ.

ಇನ್ನು ಎರಡನೆಯ ಅತಿರೇಕ. ಮದೀನಾದಲ್ಲಿ ಒಂದು ಯುದ್ಧ ಕವಚದ ಕಳವಾಯಿತು. ಕದ್ದವನು ಮುಸ್ಲಿಮರ ಗುಂಪಿಗೆ ಸೇರಿದವನು. ಆರೋಪವನ್ನು ಒಬ್ಬ ಯಹೂದಿಯ ತಲೆಗೆ ಕಟ್ಟಲಾಯಿತು, ಕಳ್ಳನ ಕುಲದವರು ಅವನ ಪರ ಒಟ್ಟಾಗಿ ನಿಂತರು ಎಂದು ಮುಫಸ್ಸಿರರು ವಿವರಿಸಿದ್ದಾರೆ. ಆಗ ವಂಚಕರ ಪರ ವಾದಿಸಬಾರದೆಂಬ ಎಚ್ಚರಿಕೆ ಅವತೀರ್ಣಗೊಂಡಿತು (4:105). ನಿರಪರಾಧಿ ಯಹೂದಿಯ ಮಾನ ಉಳಿಯಿತು. "ನಮ್ಮವನು" ಎಂಬ ಮಾತಿಗೆ ಅಲ್ಲಾಹನ ತಕ್ಕಡಿಯಲ್ಲಿ ತೂಕವಿಲ್ಲವೆಂಬುದಕ್ಕೆ ಇನ್ನೇನು ಬೇಕು?

ಹಾಗಾದರೆ ಮಧ್ಯಮ ಮಾರ್ಗ ಯಾವುದು? ಆರೋಪಿಯ ಹಕ್ಕುಗಳಿಗಾಗಿ ಪೂರ್ಣ ಬಲದಿಂದ ಹೋರಾಡಿ. ಆದರೆ ಒಂದು ಸುಳ್ಳನ್ನೂ ಖರೀದಿಸಬೇಡಿ. ಮೌನವಾಗಿರುವುದು ಬೇರೆ, ಸುಳ್ಳಾಡುವುದು ಬೇರೆ. ಆರೋಪವನ್ನು ಸಾಬೀತುಪಡಿಸಿ ಎಂದು ಕೇಳುವುದು ಹಕ್ಕು. ಇಲ್ಲದ ಸಾಕ್ಷಿಯನ್ನು ಸೃಷ್ಟಿಸುವುದು ಮಹಾಪಾಪ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ನುಡಿದವನಿಗೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು.

ಆದ್ದರಿಂದ ವಕೀಲರ ಬಳಿ ಹೋಗುವ ಮುನ್ನ ಹೀಗೆ ಸಿದ್ಧರಾಗಿ. ಎಫ್‌ಐಆರ್‌ನ ಪ್ರತಿ, ಬಂಧನದ ಅಥವಾ ನೋಟೀಸಿನ ಕಾಗದ, ಗಾಯವಾಗಿದ್ದರೆ ಆಸ್ಪತ್ರೆಯ ಚೀಟಿ, ಹಿಂದೆ ಕೇಸುಗಳಿದ್ದರೆ ಅವುಗಳ ವಿವರ, ಎಲ್ಲವನ್ನೂ ಒಟ್ಟುಗೂಡಿಸಿ. ನಡೆದುದನ್ನು ಗಂಟೆ, ಸ್ಥಳ ಸಹಿತ ಕ್ರಮವಾಗಿ ಬರೆದು, ವಕೀಲರಿಗೆಂದೇ ಇರಿಸಿಕೊಳ್ಳಿ. ಯಾರು ನೋಡಿದ್ದರು, ಅಲ್ಲಿ ಕ್ಯಾಮೆರಾ ಇತ್ತೇ ಎಂಬುದನ್ನೂ ಸೇರಿಸಿ. ಮೊಬೈಲಿನ ಸಂದೇಶಗಳನ್ನು ಅಳಿಸಬೇಡಿ. ದೂರು ನೀಡಿದವರ ಮನೆಗೆ ಹೋಗಿ ಬೆದರಿಸಬೇಡಿ. ಅದು ಅನ್ಯಾಯ ಮಾತ್ರವಲ್ಲ, ಜಾಮೀನಿಗೂ ಅಡ್ಡಿ.

ವಕೀಲರ ಮುಂದೆ ಕುಳಿತಾಗ ಬಂಧುಗಳು ಸ್ವಲ್ಪ ಹೊತ್ತು ಹೊರಗಿರಲಿ. ಮಗ ಹೊರಗಿದ್ದರೆ ಅವನೇ ಮಾತನಾಡಲಿ; ಕಸ್ಟಡಿಯಲ್ಲಿದ್ದರೆ ವಕೀಲರು ಅವನನ್ನು ಭೇಟಿಯಾಗಿ ಅವನ ಬಾಯಿಂದಲೇ ಕೇಳಲಿ. ತಂದೆಯ ಎದುರು ನಾಚಿಕೆಯಿಂದ ಮುಚ್ಚಿಡುವುದನ್ನು ಅವನು ವಕೀಲರಿಗೆ ಹೇಳಬಲ್ಲನು. ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಬಹಿರಂಗಪಡಿಸಬಾರದೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಹೇಳುತ್ತದೆ. ಇದೊಂದು ಅಮಾನತ್. ಆದರೆ ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಈ ರಕ್ಷಣೆಯಿಲ್ಲ. ಸುಳ್ಳು ಸಾಕ್ಷಿ ಹೂಡಲು ಬಾಯಿ ತೆರೆದರೆ ಆ ಗುಟ್ಟಿಗೆ ಬೀಗವಿರುವುದಿಲ್ಲ.

ಆ ಹುಡುಗನ ವಿಷಯಕ್ಕೇ ಬನ್ನಿ. ಮೊದಲು ಹೊಡೆದವರು ಎದುರಿನವರು, ಇವನು ತಡೆಯಲು ಹೋಗಿ ತಳ್ಳಿದ್ದ ಎಂದಿಟ್ಟುಕೊಳ್ಳಿ. ಸತ್ಯ ಹೇಳಿದ್ದರೆ ಆತ್ಮರಕ್ಷಣೆಯ ಹಕ್ಕು ಅವನ ಕೈಹಿಡಿಯುತ್ತಿತ್ತು. "ಅಲ್ಲಿ ಇರಲೇ ಇಲ್ಲ" ಎಂದ ಮೇಲೆ ಅಂಗಡಿಯ ಕ್ಯಾಮೆರಾದಲ್ಲಿ ಅವನ ಮುಖ ಕಂಡರೆ? ಪಾಟೀ ಸವಾಲಿನಲ್ಲಿ ಮಾವನ ಸಾಕ್ಷಿ ಮುರಿದು ಬೀಳುತ್ತದೆ. ನಂತರ ಅವನ ನಿಜವನ್ನು ಯಾರು ನಂಬುತ್ತಾರೆ? ಸತ್ಯ ಯಾವಾಗಲೂ ಬಿಡುಗಡೆ ತರುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲವೊಮ್ಮೆ ಶಿಕ್ಷೆಯನ್ನೂ ತಂದೀತು. ಆದರೆ ಇಹದ ಶಿಕ್ಷೆಗೆ ಒಂದು ಕೊನೆಯಿದೆ.

ವಕೀಲರನ್ನೂ ಪ್ರಶ್ನಿಸಿ. ಇಂತಹ ಕೇಸುಗಳನ್ನು ನಡೆಸಿದ್ದೀರಾ? ವಾಯಿದೆಯ ದಿನ ನೀವೇ ಬರುವಿರಾ, ಕಿರಿಯರು ಬರುವರೇ? ಶುಲ್ಕವೆಷ್ಟು, ಯಾವ ಹಂತಕ್ಕೆಷ್ಟು, ರಸೀದಿ ಸಿಗುವುದೇ? ಕೇಳಲು ಸಂಕೋಚ ಬೇಡ. ಒಪ್ಪಂದಗಳನ್ನು ಸ್ಪಷ್ಟವಾಗಿ ಬರೆದಿಡುವುದು ಕುರ್‌ಆನಿನ ಶಿಕ್ಷಣ. ವಕಾಲತ್ತಿಗೆ ಓದಿ ಸಹಿ ಹಾಕಿ. "ಗೆದ್ದರೆ ಇಷ್ಟು ಕೊಡಿ" ಎಂದು ಫಲಿತಾಂಶಕ್ಕೆ ಶುಲ್ಕವನ್ನು ಗಂಟು ಹಾಕುವುದನ್ನು ಬಾರ್ ಕೌನ್ಸಿಲಿನ ನಿಯಮಗಳು ನಿಷೇಧಿಸಿವೆ. "ಖಂಡಿತ ಬಿಡಿಸುತ್ತೇನೆ" ಎಂದು ಆಣೆ ಇಡುವವರಿಂದ, "ಮೇಲಿನವರಿಗೆ ಕೊಡಬೇಕು" ಎಂದು ಹಣ ಕೇಳುವವರಿಂದ ಎದ್ದು ಬನ್ನಿ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ.

ಹಣವಿಲ್ಲವೇ? ಪತ್ನಿಯ ಬಳೆ ಅಡವಿಡುವ ಮುನ್ನ ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಅದು ಭಿಕ್ಷೆಯಲ್ಲ, ಹಕ್ಕು.

ಇನ್ನೊಂದು ಮಾತು. ತಲೆಗೆ ಪೆಟ್ಟು ಬಿದ್ದವರೂ ಯಾರದೋ ಮನೆಯ ಮಗ. ನಿಮ್ಮ ಮಗ ನಿಜವಾಗಿ ತಪ್ಪು ಮಾಡಿದ್ದರೆ, ನ್ಯಾಯಾಲಯ ಸಾಕ್ಷ್ಯವಿಲ್ಲವೆಂದು ಬಿಟ್ಟರೂ ಆ ಮನುಷ್ಯನ ಹಕ್ಕು ನಿಮ್ಮ ಮಗನ ಕೊರಳಿನಲ್ಲಿ ಉಳಿಯುತ್ತದೆ. ಮಾತಿನ ಚಾತುರ್ಯದಿಂದ ತನ್ನ ಪರ ತೀರ್ಪು ಪಡೆದು ಸಹೋದರನ ಹಕ್ಕನ್ನು ಕಬಳಿಸಿದವನು ನರಕದ ಒಂದು ತುಂಡನ್ನು ಪಡೆದಿದ್ದಾನೆ ಎಂಬರ್ಥದ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಚಿಕಿತ್ಸೆಯ ವೆಚ್ಚ ಕೊಡುವುದು, ಕ್ಷಮೆ ಕೇಳುವುದು ಹೇಗೆ ಸಾಧ್ಯವೆಂದು ಅದೇ ವಕೀಲರನ್ನು ಕೇಳಿ.

ನಾವು ದಿನಾಲೂ ಬಳಸುವ "ವಕೀಲ" ಎಂಬ ಪದ ಅರಬಿಯಿಂದ ಬಂದುದು. ಆ ಕಳವಿನ ಪ್ರಸಂಗದ ಆಯತ್‌ಗಳಲ್ಲಿಯೇ (4:109) ಅದು ಬಂದಿದೆ. ಇಹಲೋಕದಲ್ಲಿ ಅವರ ಪರ ನೀವು ವಾದಿಸಿದಿರಿ, ಪುನರುತ್ಥಾನ ದಿನದಂದು ಅವರಿಗೆ ವಕೀಲರಾಗುವವರು ಯಾರು ಎಂದು ಅಲ್ಲಾಹನು ಅಲ್ಲಿ ಪ್ರಶ್ನಿಸಿದ್ದಾನೆ. ನಾಳೆ ಬೆಳಿಗ್ಗೆ ಕಾಗದಗಳ ಕಟ್ಟು ಹಿಡಿದು ಮೆಟ್ಟಿಲು ಹತ್ತುವಾಗ ಈ ಪ್ರಶ್ನೆ ನಿಮ್ಮ ಜೊತೆಗಿರಲಿ. ಮಗನಿಗೆ ಹೇಳಿ: "ಹೆದರಬೇಡ, ನಿನ್ನ ಜೊತೆ ನಾನಿದ್ದೇನೆ. ನಡೆದುದನ್ನು ನಡೆದಂತೆಯೇ ಹೇಳು."