ಎರಡು ಲೆಕ್ಕ, ಒಂದೇ ಆಕಾಶ



ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದು ವಿಶ್ವವೇ ಹಿಗ್ಗುತ್ತಿರುವುದರಿಂದ ಎಂದು 1927ರಲ್ಲಿ ವಿವರಿಸಿದವರು ನಮ್ಮ ಧರ್ಮಸಭೆಯ ಒಬ್ಬ ಗುರು, ಬೆಲ್ಜಿಯಂನ ಜಾರ್ಜ್ ಲಮೇತ್ರ್. ಹಿಗ್ಗುವ ವೇಗ ಎಷ್ಟು? ಇಂದಿಗೂ ಒಂದೇ ಉತ್ತರವಿಲ್ಲ. ವಿಶ್ವದ ಶೈಶವದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಂತೆ, ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿ.ಮೀ. ಮಿಡಿಯುವ ತಾರೆಗಳನ್ನೂ ಸಿಡಿದ ತಾರೆಗಳನ್ನೂ ಅಳೆದವರಿಗೆ ಸಿಕ್ಕಿದ್ದು ಸುಮಾರು 73.

ವಿಜ್ಞಾನ ಸೋತಿತು, ದೇವರು ಗೆದ್ದರು ಎಂದು ನಾವು ಸಂಭ್ರಮಿಸೋಣವೇ? ಬೇಡ. 1951ರಲ್ಲಿ ಪೋಪ್ 12ನೇ ಪಿಯುಸ್‌ರವರು ವಿಜ್ಞಾನವೇ ಸೃಷ್ಟಿಗೆ ಸಾಕ್ಷಿಯಾಗುತ್ತಿದೆ ಎಂಬರ್ಥದಲ್ಲಿ ಮಾತನಾಡಿದಾಗ ಲಮೇತ್ರ್ ಸ್ವಾಮಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪುರಾವೆಯಾಗುವುದು ಅವರಿಗೆ ಬೇಕಿರಲಿಲ್ಲ. ವಿಜ್ಞಾನದ ಬಿರುಕಿನಲ್ಲಿ ದೇವರನ್ನು ಕೂರಿಸಿದರೆ, ಬಿರುಕು ಮುಚ್ಚಿದ ದಿನ ನಮ್ಮ ವಿಶ್ವಾಸಕ್ಕೆ ನೆಲೆಯೆಲ್ಲಿ?

67 ಆದರೂ 73 ಆದರೂ ಸೃಷ್ಟಿಕರ್ತರು ಒಬ್ಬರೇ. ಒಪ್ಪದ ಲೆಕ್ಕವನ್ನು ಮುಚ್ಚಿಡದೆ ಮತ್ತೆ ಮತ್ತೆ ಅಳೆಯುವವರ ಪ್ರಾಮಾಣಿಕತೆಯೂ ದೇವರಿಗೆ ಪ್ರಿಯವೇ. ಧರ್ಮೋಪದೇಶದ ತರಗತಿಯಲ್ಲಿ ಪ್ರಶ್ನೆ ಕೇಳುವ ಮಗುವನ್ನು ನಾವು ಗದರದಿರೋಣ; ಕೂಡಿ ಹುಡುಕೋಣ. ತಿಳಿಯದ್ದನ್ನು ತಿಳಿಯದು ಎನ್ನುವ ದೀನತೆಯನ್ನು ಪ್ರಭು ನಮಗೆ ಅನುಗ್ರಹಿಸಲಿ. ಆಮೆನ್.