ಬಯ್ಯೋಕೆ ಯಾರೂ ಇಲ್ಲದ ದೋಣಿ

ಹಳೇ ಹಾಯಿದೋಣಿ ಕೊಂಡು, ತಾನೇ ರಿಪೇರಿ ಮಾಡಿ ಓಡಿಸೋದು ಲೆಕ್ಕಕ್ಕೆ ಬರುತ್ತಾ? ಬರಲ್ಲ. ನಮ್ಮಲ್ಲಿ ಹಾಯಿದೋಣಿ ಇಟ್ಟವರು ಕಡಿಮೆ, ಹಾಗಾಗಿ ಅದರ ಜಾಗದಲ್ಲಿ ಅಪ್ಪನ ಯೆಜ್ದಿ, ಅಜ್ಜಿಯ ಹೊಲಿಗೆ ಮಷಿನ್ ಇಟ್ಟುಕೊಳ್ಳಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ದುಡಿಯೋ ಮನುಷ್ಯ ಭಾನುವಾರ ಕೈಗೆಲ್ಲ ಗ್ರೀಸ್ ಬಳಿದುಕೊಂಡು ಕೂತರೆ ಎಕ್ಸೆಲ್ ಶೀಟಿನಲ್ಲಿ ನಷ್ಟವೇ ಕಾಣೋದು. 'ನಿನ್ನ ಟೈಮಿಗೆ ಬೆಲೆ ಇಲ್ವೇನೋ?' ಅಂತಾರೆ ಗೆಳೆಯರು. ನಾವು 'ಅದೊಂದು ಖುಷಿ ಕಣೋ' ಅಂತ ತೊದಲ್ತೀವಿ. ಈ ಉತ್ತರ ನನಗೆ ಸಾಲದು. ಖುಷಿಯೊಂದೇ ಬೇಕಿದ್ದರೆ ಮ್ಯಾಚ್ ನೋಡಬಹುದು, ಕೈಯೂ ಕೊಳೆಯಾಗಲ್ಲ.

ರಿಪೇರಿಗೆ ದುಡ್ಡು ಕೊಟ್ಟಾಗ ನಾವು ಏನನ್ನ ಕೊಳ್ತೀವಿ ಅಂತ ಯೋಚಿಸಿ. ಕೆಲಸವನ್ನ, ಸರಿ. ಜೊತೆಗೆ, ಬಯ್ಯೋಕೆ ಒಬ್ಬನನ್ನೂ ಕೊಳ್ತೀವಿ. ಗಾಡಿ ಮತ್ತೆ ಕೈಕೊಟ್ಟರೆ 'ಎಂಥಾ ಕೆಲಸ ಮಾಡಿದಾನೆ ನೋಡು' ಅನ್ನಬಹುದು. ಇನ್ನೂ ಒಂದು ಸಿಗುತ್ತೆ: ಒಳಗೆ ಎಲ್ಲೆಲ್ಲಿ ಸವೆದಿದೆ ಅನ್ನೋದು ಗೊತ್ತಾಗದೇ ಇರುವ ನೆಮ್ಮದಿ. ತಾನೇ ಬಿಚ್ಚಿದವನಿಗೆ ಈ ಎರಡೂ ಇಲ್ಲ.

ಗೋಲ್ಡನ್ ಗ್ಲೋಬ್ ಅಂತ ಒಂದು ರೇಸ್ ಇದೆ. ಒಬ್ಬರೇ, ಎಲ್ಲೂ ನಿಲ್ಲದೆ ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು. ದೋಣಿಯ ವಿನ್ಯಾಸ 1988ಕ್ಕಿಂತ ಹಳೆಯದಾಗಿರಬೇಕು, ಜಿಪಿಎಸ್ ಬಳಸೋ ಹಾಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರಟ 16 ಜನರಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಕಮಾಂಡರ್ ಅಭಿಲಾಷ್ ಟೋಮಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು. ಗಾಳಿಯ ಬಲದಿಂದ ದೋಣಿಯ ದಿಕ್ಕು ಹಿಡಿದಿಡುವ ಸಾಧನ ನಡುಕಡಲಲ್ಲಿ ಮುರಿದಾಗ, ಟಾಯ್ಲೆಟ್ಟಿನ ಬಾಗಿಲನ್ನೇ ಕತ್ತರಿಸಿ ಅದರ ಹಲಗೆ ಮಾಡಿಕೊಂಡರು. ಅಲ್ಲಿ ಕಸ್ಟಮರ್ ಕೇರ್ ಇಲ್ಲವಲ್ಲ.

ಕಡಲು ದೂರದ ಮಾತಾಯ್ತು. ನಮ್ಮ ಕಾಗವಾಡ ತಾಲೂಕಿಗೆ ಕೃಷ್ಣಾ ಹೊಳೆಯೇ ಕಡಲು. ಜುಗೂಳದ ದಡದಲ್ಲಿ ನಿಂತರೆ ಆಚೆ ಖಿದ್ರಾಪುರ, ಅಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ಗುಡಿ. ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ಹೊಲ ಒಂದು ದಡದಲ್ಲಿ, ಬೀಗರು ಇನ್ನೊಂದು ದಡದಲ್ಲಿ ಇರೋ ಊರುಗಳಿವು. ನಮ್ಮ ಕಾಕಾ ಇಟ್ಟಿದ್ದ ಕಟ್ಟಿಗೆ ದೋಣಿಗೆ ಅದೇ ಕೆಲಸ: ಮಂದಿ, ಹಾಲಿನ ಕ್ಯಾನು, ಒಮ್ಮೊಮ್ಮೆ ಮೇಕೆ.

ಪ್ರತಿ ಬೇಸಿಗೆ ನೀರು ಇಳಿದಾಗ ಕಾಕಾ ದೋಣಿಯನ್ನ ದಡಕ್ಕೆ ಎಳೆಸಿ ಬೋರಲು ಹಾಕಿಸ್ತಿದ್ದ. ಪಾಚಿ ಕೆರೆದು, ಹಲಗೆಗಳ ಸಂದಿಯಲ್ಲಿದ್ದ ಹಳೇ ಹತ್ತಿಯನ್ನ ಉಳಿಯಿಂದ ಕಿತ್ತು ತೆಗೆಯೋದು. ಆಮೇಲೆ ಸುತ್ತಿಗೆ ಹಿಡಿದು ಒಂದೊಂದೇ ಹಲಗೆ ಬಡಿದು ಕಿವಿಗೊಡೋದು. ಗಟ್ಟಿ ಕಟ್ಟಿಗೆ ಠಣ್ ಅನ್ನುತ್ತೆ, ಕೊಳೆತದ್ದು ಬೊದ್ ಅನ್ನುತ್ತೆ. ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನ ಸಂದಿಗೆ ತುರುಕಿ, ಮೇಲೆ ಕಾಸಿದ ಡಾಂಬರು. ಕೊನೆಗೆ ಎರಡು ದಿನ ತಟದ ನೀರಲ್ಲೇ ಮುಳುಗಿಸಿ ಇಡೋದು, ಹಲಗೆ ನೀರು ಕುಡಿದು ಉಬ್ಬಿ ಸಂದು ತಾನೇ ಬಿಗಿಯಾಗಲಿ ಅಂತ. ಹಲಗೆ ಬದಲಿಸೋದಿದ್ದರೆ ಮಾತ್ರ ಬಡಿಗೇರನನ್ನ ಕರೀತಿದ್ದ, ಕರೆದು ಪಕ್ಕದಲ್ಲೇ ಕೂತಿರ್ತಿದ್ದ. (ಎಲ್ಲ ಹಲಗೆ ಬದಲಾದ ಮೇಲೂ ಅದು ಅದೇ ದೋಣಿನಾ ಅನ್ನೋ ಗ್ರೀಕರ ಪ್ರಶ್ನೆ ಇದೆಯಲ್ಲ, ಹೊಳೆ ದಾಟೋರಿಗೆ ಅದು ಅಷ್ಟು ಮುಖ್ಯ ಅಲ್ಲ.)

ಒಂದು ವರ್ಷ ತಳದ ಹಲಗೆಯೊಂದು ಬೊದ್ ಅಂತು. ಹೊಸದಕ್ಕೆ ಆಗ ದುಡ್ಡಿಲ್ಲ. 'ಮ್ಯಾಲ ಪತ್ರಾ ಬಡದ ಬಿಡು' ಅಂದರು ಎಲ್ಲರೂ. ಅಪ್‌ಗ್ರೇಡ್ ಅನ್ನಿ. ತಗಡು ಹೊಡೆದ ಕೆಲವು ದೋಣಿ ಹೊಳೆಯಲ್ಲಿದ್ದವು, ನೋಡೋಕೂ ಚೆಂದ. ಕಾಕಾ ಒಪ್ಪಲಿಲ್ಲ: 'ಪತ್ರಾ ಬಡದರ ಕೊಳತದ್ದು ನನಗೂ ಕಾಣೂದುಲ್ಲ.' ಹತ್ತಿ, ಡಾಂಬರಿನಲ್ಲೇ ಸರಿ ಮಾಡಿ ನೀರಿಗಿಳಿಸಿದ. ದಡಕ್ಕೆ ಬಂದವರಿಗೆಲ್ಲ ಹೇಳಿದ: 'ಈ ವರ್ಷ ತಳ ಸೂಕ್ಷ್ಮ ಐತಿ. ನಾಕ ಮಂದಿ ಅಷ್ಟ. ಐದನೇದಾಂವ ಈಸು ಬರ್ತಿದ್ರ ಹತ್ತಲಿ.' ಮಂದಿ ನಕ್ಕರು, ನಕ್ಕು ಬೇರೆ ದೋಣಿಗೆ ಹೋದರು. ಆ ವರ್ಷದ ಗಳಿಕೆ ಅರ್ಧಕ್ಕಿಳಿಯಿತು. ಕಾಕೂ ಬೈದಿದ್ದು ಈಗಲೂ ನೆನಪಿದೆ.

ಕಾಕಾನ ಬಾಯಿಂದ ಆ ಮಾತು ಬರೋಕೆ ಕಾರಣ ಸುತ್ತಿಗೆ ಅವನ ಕೈಯಲ್ಲೇ ಇದ್ದದ್ದು. ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದರೆ 'ಎಲ್ಲಾ ಬರೋಬ್ಬರಿ ಆಗೇತಿ' ಅಂತ ನಂಬಿ, ಹತ್ತು ಮಂದಿಯನ್ನ ಹತ್ತಿಸಿ, ಮನಸ್ಸಾಕ್ಷಿಗೆ ಏನೂ ತಾಗದೆ ಹುಟ್ಟು ಹಾಕಬಹುದಿತ್ತು.

ಗೊತ್ತಿದ್ದೂ ಹೇಳದೇ ಇದ್ದರೆ? ಅದೇ ರೇಸಿನ ಮೊದಲ ಆವೃತ್ತಿಗೆ ಬನ್ನಿ. ಡೊನಾಲ್ಡ್ ಕ್ರೌಹರ್ಸ್ಟ್ ಅನ್ನೋ ಇಂಗ್ಲಿಷ್ ಎಂಜಿನಿಯರ್ 1968ರ ಅಕ್ಟೋಬರ್ 31ರಂದು, ಹೊರಡೋಕೆ ಇದ್ದ ಕೊನೇ ದಿನ, ಕೆಲಸ ಮುಗಿಯದ ದೋಣಿಯಲ್ಲಿ ಹೊರಟ. ಎರಡೇ ವಾರಕ್ಕೆ ಏನೇನು ಸೋರ್ತಿದೆ, ಏನೇನು ಕೈಕೊಟ್ಟಿದೆ ಅಂತ ಸ್ವತಃ ಪಟ್ಟಿ ಬರೆದ. ಮನೆ, ಕಂಪನಿ ಎರಡೂ ಸಾಲಕ್ಕೆ ಅಡವಾಗಿದ್ದವು, ವಾಪಸ್ ಹೋಗೋಕಾಗಲಿಲ್ಲ. ಅಟ್ಲಾಂಟಿಕ್‌ನಲ್ಲೇ ಸುತ್ತುತ್ತಾ, ಭೂಮಿ ಸುತ್ತುತ್ತಿದ್ದೇನೆ ಅಂತ ರೇಡಿಯೋದಲ್ಲಿ ಸುಳ್ಳು ಹೇಳಿದ. ಆ ಸುಳ್ಳನ್ನ ನಂಬಿದ ನೈಜೆಲ್ ಟೆಟ್ಲಿ, ಹಿಂದೆ ಬೀಳಬಾರದು ಅಂತ ತನ್ನ ಜರ್ಜರಿತ ದೋಣಿಯನ್ನ ಜೋರಾಗಿ ಓಡಿಸಿದ. 1969ರ ಮೇ ತಿಂಗಳಲ್ಲಿ ಅದು ಒಡೆದು ಮುಳುಗಿತು, ಟೆಟ್ಲಿ ಬದುಕಿಕೊಂಡ. ಜುಲೈನಲ್ಲಿ ಕ್ರೌಹರ್ಸ್ಟ್‌ನ ದೋಣಿ ಸಿಕ್ಕಿತು, ಅದರಲ್ಲಿ ಅವನಿರಲಿಲ್ಲ. ಒಬ್ಬ ತನ್ನ ದೋಣಿಯ ತೂತು ಮುಚ್ಚಿಟ್ಟದ್ದಕ್ಕೆ ಇನ್ನೊಬ್ಬನ ದೋಣಿ ಮುಳುಗಿತು.

ಹಾಗಂತ ಗ್ಯಾಸ್ ಗೀಸರ್ ಬಿಚ್ಚಬೇಡಿ. ಅಪಾರ್ಟ್‌ಮೆಂಟಿನ ವೈರಿಂಗ್ ಕೂಡ. ಅಲ್ಲಿ ನಿಮ್ಮ ಭಾನುವಾರದ ಉತ್ಸಾಹಕ್ಕೆ ಪಣವಾಗೋದು ಪಕ್ಕದ ಮನೆಯವರ ಪ್ರಾಣ. ಅಂಟು ಹಾಕಿ ಮುಚ್ಚಿದ ಫೋನುಗಳ ಕಾಲದಲ್ಲಿ ರಿಪೇರಿ ನಮ್ಮ ಹಕ್ಕು ಅನ್ನೋ ಮಾತು ಜೋರಾಗಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ಲನ್ನೂ ತೆರೆಯಿತು. ಒಳ್ಳೇದೇ. ಆದರೆ ಬಿಚ್ಚಿ ನೋಡಿದ ಮೇಲೆ ಬೆನ್ನಿಗೆ ಬೀಳುವ ಋಣದ ಬಗ್ಗೆ ಯಾರೂ ಮಾತಾಡ್ತಿಲ್ಲ.

ನನ್ನ ಹಳೇ ಚೇತಕ್ ಈಗ ಮಾರಾಟಕ್ಕಿದೆ. ಕಾಲಿಡೋ ಜಾಗದ ಕೆಳಗೆ ತುಕ್ಕು ಹಿಡಿದಿತ್ತು. ನಾನೇ ಕೆರೆದು, ತಗಡಿಟ್ಟು, ರಿವೆಟ್ ಹೊಡೆದಿದ್ದೇನೆ. ಮೇಲೆ ಮ್ಯಾಟ್ ಹಾಕಿದರೆ ಯಾರಿಗೂ ಕಾಣಲ್ಲ. 'ಹೇಳೋಕೆ ಹೋಗ್ಬೇಡಿ ಸರ್' ಅಂತ ಬೀದಿಯ ಮೆಕ್ಯಾನಿಕ್ಕೇ ಬುದ್ಧಿ ಹೇಳಿದ. ಜಾಹೀರಾತಿನಲ್ಲಿ ಬರೆದೆ, ಫೋಟೋ ಸಮೇತ. ಬಂದ ಕರೆಗಳು ಕಡಿಮೆ, ಹೇಳಿದ ರೇಟು ಇನ್ನೂ ಕಡಿಮೆ. ಕಳೆದ ಶನಿವಾರ ಒಬ್ಬ ಹುಡುಗ ಬಂದ. ಮ್ಯಾಟ್ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ನೆಲಕ್ಕೆ ಬಗ್ಗಿ ರಿವೆಟ್ ಒಂದೊಂದನ್ನೇ ಬೆರಳಿಂದ ಬಡಿದು ನೋಡಿದ. 'ಇದೊಂದು ಸಡಿಲ ಇದೆ ಅಣ್ಣ' ಅಂದ. ಹೌದು, ಇತ್ತು.