ಕೆರೆ ತುಂಬೈತೆ, ತೂಬು ಏಳ್ತಿಲ್ಲ

"ಯಾಕ್ ಸಾರ್, ಇತ್ತೀಚೆಗೆ ಏನೂ ಬರೀತಿಲ್ಲ?" ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. "ಎಲ್ಲಿ ಟೈಮ್ ಸಿಗುತ್ರಿ? ಪರೀಕ್ಷೆ, ಪೇಪರ್ ತಿದ್ದೋದು, ಬಿಸಿಯೂಟದ ಲೆಕ್ಕ..." ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಆದರೆ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಟೈಮ್ ಇತ್ತು. ರಾತ್ರಿ ಊಟ ಆದಮೇಲೆ ಒಂದು ಗಂಟೆ ಮೊಬೈಲ್ ಉಜ್ಜುವುದಕ್ಕೆ ಇರುವ ಟೈಮ್ ಎರಡು ಪ್ಯಾರಾ ಬರೆಯುವುದಕ್ಕೆ ಇಲ್ಲ ಅಂದರೆ ಯಾರು ನಂಬುತ್ತಾರೆ?

ನಿಜ ಏನಪ್ಪಾ ಅಂದರೆ, ಎಂಟು ತಿಂಗಳು ನನಗೆ ಒಂದೇ ಒಂದು ಲೇಖನ ಬರೆಯಲಾಗಲಿಲ್ಲ. ಆ ಒಂದನ್ನು ಬರೆಯಲಾಗದೆ ಬೇರೆ ಯಾವುದನ್ನೂ ಬರೆಯಲಾಗಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ 'ರೈಟರ್ಸ್ ಬ್ಲಾಕ್' ಅನ್ನುತ್ತಾರೆ. 1940ರ ದಶಕದಲ್ಲಿ ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ ಕೊಟ್ಟ ಹೆಸರು. ನಮ್ಮ ಕಡೆ ಇದಕ್ಕೆ ದೊಡ್ಡ ಹೆಸರೇನಿಲ್ಲ. "ಕೈ ಓಡ್ತಿಲ್ಲ" ಅಂತೀವಿ, ಅಷ್ಟೆ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಕೈ ಓಡದಿರುವುದು ಒಂದು ಕಾಯಿಲೆಯೋ, ಸೋಮಾರಿತನವೋ, ಅಥವಾ ಮನಸ್ಸಾಕ್ಷಿ ಏನನ್ನೋ ಹೇಳುತ್ತಿರುವ ರೀತಿಯೋ?

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಮೇಷ್ಟ್ರಾಗಿ ಮೊದಲು ಸೇರಿದ್ದು ಜಗಳೂರು ಸೀಮೆಯ ಒಂದು ಹೈಸ್ಕೂಲಿಗೆ, 1996ರಲ್ಲಿ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಮಾರನೇ ವರ್ಷ ದಾವಣಗೆರೆ ಜಿಲ್ಲೆ ಆಯ್ತು, ಎಲ್ಲ ಒಂದೇ ಜಿಲ್ಲೆಗೆ ಬಂದವು. ಅದರಿಂದ ನನ್ನಂಥವರಿಗೆ ವರ್ಗಾವಣೆಯ ದಾರಿ ಸಲೀಸಾಯ್ತು. ಜಗಳೂರಿಂದ ನ್ಯಾಮತಿ (ಅದು ಆಗಿನ್ನೂ ಹೊನ್ನಾಳಿ ತಾಲ್ಲೂಕು), ಅಲ್ಲಿಂದ ಹೊನ್ನಾಳಿ, ಈಗ ಚನ್ನಗಿರಿ. ಮೆಕ್ಕೆಜೋಳದ ಹೊಲದಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅಡಿಕೆ ತೋಟಕ್ಕೆ ಬಂದ ಹಾಗೆ.

ಜಗಳೂರಿನ ಆ ಶಾಲೆಯಲ್ಲಿ ನಮಗೊಬ್ಬರು ಹೆಡ್‌ಮಾಸ್ಟರ್ ಇದ್ದರು. ಹೊನ್ನಾಳಿ ಕಡೆಯವರು. ಪಾಠ ಅಂದರೆ ಪಾಠ. ಗಣಿತವನ್ನು ಕಥೆ ಹೇಳಿದಂಗೆ ಹೇಳೋರು. ಫೀಸು ಕಟ್ಟಲಾಗದ ಎಷ್ಟೋ ಮಕ್ಕಳಿಗೆ ತಮ್ಮ ಸಂಬಳದಲ್ಲಿ ಕಟ್ಟಿದವರು. ನನಗೆ ಕ್ಲಾಸಿನಲ್ಲಿ ನಿಲ್ಲೋದನ್ನ ಕಲಿಸಿದವರೂ ಅವರೇ. ಎರಡು ವರ್ಷದ ಹಿಂದೆ ಹೊನ್ನಾಳಿಯಲ್ಲೇ ತೀರಿಕೊಂಡರು. ಹಳೇ ವಿದ್ಯಾರ್ಥಿಗಳು ಸೇರಿ ಒಂದು ಸಂಸ್ಮರಣ ಸಂಚಿಕೆ ತರೋಣ ಅಂದರು. "ಸಾರ್, ನೀವು ಅವರ ಜೊತೆ ಕೆಲಸ ಮಾಡಿದೋರು, ನಾಕು ಪುಟ ಬರೆದುಕೊಡಿ" ಅಂದರು. "ಅಯ್ಯೋ, ಅದಕ್ಕೇನು, ಒಂದು ವಾರ" ಅಂದೆ.

ಕೂತೆ. "ಆದರ್ಶ ಶಿಕ್ಷಕರೆಂದರೆ" ಅಂತ ಶುರು ಮಾಡಿದೆ. ಹೊಡೆದು ಹಾಕಿದೆ. "ಹೂವಿನಂಥ ಮನಸ್ಸಿನ" ಅಂತ ಬರೆದೆ. ಅದನ್ನೂ ಹೊಡೆದು ಹಾಕಿದೆ. ವಾರ ತಿಂಗಳಾಯ್ತು. ಬರೆಯೋ ಉತ್ಸಾಹ ತರಿಸಿಕೊಳ್ಳಲು ಏನೇನು ಮಾಡಬೇಕೋ ಎಲ್ಲ ಮಾಡಿದೆ. ಹೊಸ ಪೆನ್ನು ತಂದೆ. ಬೆಳಗ್ಗೆ ಐದಕ್ಕೆ ಎದ್ದೆ. ಸೂಳೆಕೆರೆ ಏರಿ ಮೇಲೆ ಹೋಗಿ ಕೂತೆ. ಅಷ್ಟು ದೊಡ್ಡ ನೀರು ನೋಡಿದರೆ ಏನಾದರೂ ಹುಟ್ಟೀತು ಅಂತ. ಹುಟ್ಟಿದ್ದು ನೆಗಡಿ ಮಾತ್ರ.

ಶಿಸ್ತಿನಿಂದ ಬರೆದವರ ಬಗ್ಗೆ ಓದಿದೆ. ಇಂಗ್ಲೆಂಡಿನ ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಎದ್ದು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದ. ಆಮೇಲೆ ಆಫೀಸಿಗೆ ಹೋಗುತ್ತಿದ್ದ. ಹಾಗೆ ಬರೆದ ಕಾದಂಬರಿಗಳು 47. ಸ್ಫೂರ್ತಿ ಬರಲಿ ಅಂತ ಕಾಯುವುದನ್ನು ಅವನು ನಂಬಿದವನೇ ಅಲ್ಲ. ಚಮ್ಮಾರ ಸ್ಫೂರ್ತಿಗೆ ಕಾಯುತ್ತಾನೇನು ಅನ್ನುವ ಜಾತಿಯವನು. ಓದಿ ನಾಚಿಕೆ ಆಯ್ತು. ನಾನೂ ಗಡಿಯಾರ ಇಟ್ಟುಕೊಂಡೆ. ಕಾಲು ಗಂಟೆ ಗಡಿಯಾರವನ್ನೇ ನೋಡಿದೆ.

ಇಲ್ಲಿ ನಮ್ಮ ಸೀಮೆಯ ಇನ್ನೊಬ್ಬರು ನೆನಪಾಗುತ್ತಾರೆ. ತರಾಸು. ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ, 1920ರಲ್ಲಿ. ಚಿತ್ರದುರ್ಗದ ಪಾಳೆಯಗಾರರ ಮೇಲೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಅಂತ ಒಂದಾದ ಮೇಲೊಂದು ಬರೆದರು. ಆದರೆ ದುರ್ಗ ಬಿದ್ದ ಕಥೆ, 1779ರಲ್ಲಿ ಹೈದರಾಲಿಯ ಕೈಗೆ ಹೋದ ಕಥೆ, 'ದುರ್ಗಾಸ್ತಮಾನ'ವಾಗಿ ಹೊರಬಂದಿದ್ದು 1982ರಲ್ಲಿ. ಅಷ್ಟೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಎರಡು ವರ್ಷಕ್ಕೆ ಅವರೇ ಇರಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತಗೊಳ್ಳೋಕೆ ಅವರಿರಲಿಲ್ಲ. ಬರೆಯುವುದಕ್ಕೆ ಬರದ ಮನುಷ್ಯ ಅಲ್ಲ ಅವರು, ಮಧ್ಯದಲ್ಲಿ ರಾಶಿ ರಾಶಿ ಬರೆದರು. ಆದರೂ ಅದೊಂದು ಕೊನೆಗೇ ಬಂತು. ತಾನು ಪ್ರೀತಿಸಿದ್ದು ಬೀಳುವುದನ್ನು ಬರೆಯುವುದು ಸುಲಭವಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದು ನನ್ನ ಊಹೆ, ಅಷ್ಟೇ.

ಆದರೆ ನನ್ನ ಕೈ ಕಟ್ಟಿಹಾಕಿದ್ದು ಏನು ಅಂತ ನನಗೆ ತಿಳಿಸಿದ್ದು ಟ್ರೊಲೋಪೂ ಅಲ್ಲ, ತರಾಸೂ ಅಲ್ಲ. ಚನ್ನಗಿರಿ ಹತ್ತಿರದ ಒಂದು ಸಣ್ಣ ಊರಿನ ಕೆರೆ. ಅವತ್ತು ಬೈಕ್ ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಏರಿ ಮೇಲೆ ನಾಕು ಜನ ನಿಂತು ಜೋರಾಗಿ ಮಾತಾಡುತ್ತಿದ್ದರು. ಕೆಳಗೆ ತೋಟಕ್ಕೆ ನೀರು ಹೋಗುತ್ತಿಲ್ಲ. "ಕೆರೆ ತುಂಬೈತಲ್ಲಪ್ಪ, ಮತ್ಯಾಕೆ?" ಅಂದೆ. ಒಬ್ಬ ಮುದುಕ ನನ್ನನ್ನು ಪೇಟೆಯವನನ್ನು ನೋಡುವಂತೆ ನೋಡಿ ಹೇಳಿದ: "ನೀರಿಗೇನ್ ಬರ ಇಲ್ಲ ಸಾ. ತೂಬಿಗೆ ಏನೋ ಸಿಕ್ಕಂಡೈತೆ. ಮೇಲೆ ನಿಂತು ಕೂಗಾಡಿದ್ರೆ ಬರಲ್ಲ ಅದು. ಯಾರಾರ ಮುಳುಗ್‌ಬೇಕು."

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು. ಬರವಣಿಗೆ ನಿಲ್ಲುವುದರಲ್ಲಿ ಎರಡು ಬಗೆ ಇದೆ ಅನಿಸಿತು. ಒಂದು ಜಗಳೂರಿನ ಕೆರೆ. ಅಲ್ಲಿ ನಾನಿದ್ದ ಕಾಲದಲ್ಲಿ ಕೆರೆ ಅಂದರೆ ಜಾಲಿ ಬೆಳೆದ ಬಯಲು. ನೀರೇ ಇಲ್ಲದ ಕಡೆ ತೂಬು ಎತ್ತಿ ಏನು ಮಾಡುವುದು? ಹೊರಗಿಂದ ತರಬೇಕು. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆ ಬಂದದ್ದು ಅದಕ್ಕೇ. ಬರಹಗಾರನೂ ಹಾಗೆ ಒಣಗುವುದುಂಟು. ಓದಿ ವರ್ಷವಾಗಿರುತ್ತದೆ, ಸಂತೆಗೆ ಹೋಗಿ ತಿಂಗಳಾಗಿರುತ್ತದೆ, ಇನ್ನೊಬ್ಬರ ಮಾತು ಪೂರ್ತಿ ಕೇಳಿ ಎಷ್ಟು ಕಾಲವಾಯ್ತೋ. ಅಂಥವನು ಬರೆಯದಿರುವುದೇ ಒಳ್ಳೆಯದು. ಓದಲಿ, ತಿರುಗಲಿ, ಮಳೆಗೆ ಕಾಯಲಿ. ಅದರಲ್ಲಿ ತಪ್ಪೇನೂ ಇಲ್ಲ. ಬರೆಯಲೇಬೇಕು ಅಂತ ಯಾರೂ ಸಾಲ ಕೊಟ್ಟಿಲ್ಲ.

ಇನ್ನೊಂದು ಬಗೆ, ಕೆರೆ ತುಂಬಿದ್ದೂ ಹರಿಯದಿರುವುದು. ಅಲ್ಲಿ ಟ್ರೊಲೋಪನ ಗಡಿಯಾರ, ಹೊಸ ಪೆನ್ನು, ಬೆಳಗಿನ ಐದು ಗಂಟೆ ಎಲ್ಲ ಏರಿ ಮೇಲಿನ ಕೂಗಾಟ. ಏನು ಸಿಕ್ಕಿಕೊಂಡಿದೆ ಅಂತ ಮುಳುಗಿ ನೋಡಬೇಕು.

ನನಗೆ ಏನು ಸಿಕ್ಕಿಕೊಂಡಿತ್ತು ಅಂತ ಮುಳುಗದೆಯೂ ಗೊತ್ತಿತ್ತು. 1999ರ ಬೇಸಿಗೆ ಮುಂಚಿನ ದಿನಗಳು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ದಿನಾ ಲೇಟು. ಬೋರ್‌ವೆಲ್ ಮುಂದೆ ಕೊಡಗಳ ಸಾಲಿನಲ್ಲಿ ನಿಂತು, ಮನೆಗೆ ನೀರು ತಂದಿಟ್ಟು ಬರುತ್ತಿದ್ದ. ನನಗದು ಗೊತ್ತಿತ್ತು, ಅವನೇ ಹೇಳಿದ್ದ. ಹೆಡ್‌ಮಾಸ್ಟರಿಗೆ ಗೊತ್ತಿರಲಿಲ್ಲ. ಅವತ್ತು ಅವರಿಗೆ ಯಾವ ಸಿಟ್ಟಿತ್ತೋ, ವರಾಂಡದಲ್ಲಿ ನಿಲ್ಲಿಸಿ ಬೆತ್ತದಲ್ಲಿ ಅವನ ಬಲಗೈಗೆ ಹೊಡೆದರು. ಒಂದೆರಡಲ್ಲ. ನಾನು ನಾಕು ಹೆಜ್ಜೆ ದೂರದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. "ಸಾರ್, ಅವನು ನೀರಿಗೆ ನಿಂತಿದ್ದ" ಅನ್ನೋ ನಾಕು ಪದ ಸಾಕಾಗಿತ್ತು. ಹೇಳಲಿಲ್ಲ. ಹೊಸಬ ನಾನು, ಹೆಡ್‌ಮಾಸ್ಟರ್ ಅವರು. ಕೈ ಬಾತುಕೊಂಡು ಆ ಹುಡುಗ ಒಂದು ವಾರ ಪೆನ್ನು ಹಿಡಿಯಲಿಲ್ಲ. ಆಮೇಲೆ ಶಾಲೆಗೇ ಬರಲಿಲ್ಲ.

ಈಗ ಹೇಳಿ, "ಹೂವಿನಂಥ ಮನಸ್ಸಿನ" ಅಂತ ಬರೆಯೋಕೆ ಕೈ ಓಡುತ್ತಾ?

ಇಲ್ಲಿ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ನನ್ನ ಲೇಖನಿ ಸುಳ್ಳು ಬರೆಯಲು ಒಪ್ಪುತ್ತಿಲ್ಲ, ಅದು ಪ್ರಾಮಾಣಿಕತೆ, ಹಾಗಾಗಿ ಈ ನಿಂತುಹೋಗುವಿಕೆಯೇ ಒಂದು ಒಳ್ಳೇ ಗುಣ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ. ಸುಳ್ಳು ಬರೆಯದಿದ್ದ ಮಾತ್ರಕ್ಕೆ ನಿಜ ಹೇಳಿದಂತಾಗುವುದಿಲ್ಲ. ಅವತ್ತು ವರಾಂಡದಲ್ಲಿ ಹಾಜರಿ ಪುಸ್ತಕ ಹಿಡಿದು ಸುಮ್ಮನಿದ್ದೆ. ಇವತ್ತು ಬಿಳೀ ಹಾಳೆ ಮುಂದಿಟ್ಟುಕೊಂಡು ಸುಮ್ಮನಿದ್ದೇನೆ. ಎರಡೂ ಒಂದೇ ಮೌನ. ಒಂದಕ್ಕೆ ಹೆದರಿಕೆ ಅಂತ ಹೆಸರಿಟ್ಟು ಇನ್ನೊಂದಕ್ಕೆ ಪ್ರಾಮಾಣಿಕತೆ ಅಂತ ಹೆಸರಿಡೋಕೆ ಆಗಲ್ಲ.

ಹಾಗಂತ ಸತ್ತವರ ತಪ್ಪನ್ನು ಅವರ ಸಂಸ್ಮರಣ ಸಂಚಿಕೆಯಲ್ಲೇ ಬರೆಯುವುದು ಸರಿಯಾ? ಅವರು ಬಂದು ಉತ್ತರ ಕೊಡಲಾರರು. ಅವರ ಮನೆಯವರು ಓದುತ್ತಾರೆ. ಈ ಪ್ರಶ್ನೆಗೆ ನಾನು ತುಂಬ ದಿನ ಉತ್ತರ ಹುಡುಕಿದೆ. ಕೊನೆಗೆ ತಿಳಿದಿದ್ದು, ನಾನು ತಪ್ಪು ಕಡೆಯಿಂದ ಶುರು ಮಾಡುತ್ತಿದ್ದೇನೆ ಅಂತ. ಅವರು ಏನು ಮಾಡಿದರು ಅನ್ನುವುದು ಆ ಲೇಖನದ ಮೊದಲ ವಾಕ್ಯ ಅಲ್ಲ. "ಆ ದಿನ ನಾನೂ ಅಲ್ಲಿದ್ದೆ, ಸುಮ್ಮನಿದ್ದೆ" ಅನ್ನುವುದು ಮೊದಲ ವಾಕ್ಯ. ಅದನ್ನು ಬರೆದೆ. ನಂಬ್ತೀರೋ ಇಲ್ಲವೋ, ಆ ರಾತ್ರಿ ಮೂರು ಪುಟ ಆಯ್ತು.

ಬರೆಯುತ್ತಾ ಹೋದಂತೆ ಮರೆತಿದ್ದೆಲ್ಲ ಬಂತು. ವಿಷಯ ಗೊತ್ತಾದ ಮೇಲೆ ಹೆಡ್‌ಮಾಸ್ಟರು ನನ್ನನ್ನೂ ಕರೆದುಕೊಂಡು ಆ ಹುಡುಗನ ಊರಿಗೆ ಎರಡು ಸಲ ಸೈಕಲ್ಲಿನಲ್ಲಿ ಹೋಗಿದ್ದು. ಎರಡನೇ ಸಲ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ವಾಪಸ್ ಬರುವಾಗ ಅವರು ಒಂದು ಮಾತೂ ಆಡಲಿಲ್ಲ. ಅದಾದ ಮೇಲೂ ಕೆಲವು ತಿಂಗಳು ಬೆತ್ತ ಟೇಬಲ್ ಮೇಲಿತ್ತು. ಒಂದು ದಿನ ಇರಲಿಲ್ಲ. ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದೆಲ್ಲ ನನ್ನೊಳಗೇ ಇತ್ತು. ಮೊದಲ ವಾಕ್ಯವನ್ನು ಮುಚ್ಚಿಟ್ಟಿದ್ದಕ್ಕೆ ಅವರ ಒಳ್ಳೆಯತನವೂ ಜೊತೆಯಲ್ಲೇ ಮುಚ್ಚಿಹೋಗಿತ್ತು. ಬೈಯೋಕೆ ಹೆದರಿ ಹೊಗಳೋಕೂ ಆಗದೆ ಕೂತಿದ್ದೆ.

ಸಂಚಿಕೆಯವರಿಗೆ ಕೊಡುವ ಮುಂಚೆ ಹೊನ್ನಾಳಿಗೆ ಹೋದೆ. ಅವರ ಶ್ರೀಮತಿಯವರ ಕೈಗೆ ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮಂಡಕ್ಕಿ ತಟ್ಟೆ ನನ್ನ ಮುಂದೆ ಹಾಗೇ ಇತ್ತು. ಓದಿ ಮಡಚಿ ಹೇಳಿದರು: "ಇದನ್ನ ನಂಗೂ ಹೇಳಿದ್ರು ಮೇಷ್ಟ್ರೇ, ಅವತ್ತೇ ರಾತ್ರಿ. ಊಟ ಮಾಡ್ಲಿಲ್ಲ. ಹಾಕ್ರಿ ಇದನ್ನ. ಆದ್ರೆ ಆ ಹುಡುಗನ ಹೆಸ್ರು ಬ್ಯಾಡ. ಎಲ್ಲೋ ಚೆನ್ನಾಗಿರ್ಲಿ ಅವ್ನು."

ಹೆಸರು ತೆಗೆದೆ. ಅದು ಮಾತ್ರ ಹೇಳಬಾರದ ನಿಜ ಅನಿಸಿತು. ಅದು ನನ್ನದಲ್ಲ, ಅವನದು.

ವಚನಗಳ ಕೊನೆಗೆ ಬರುವ ಅಂಕಿತದ ಬಗ್ಗೆ ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ. ಅದು ಬರೆದವರ ಗುರುತು ಅಂತ ಹೇಳಿಕೊಡುತ್ತಿದ್ದೆ. ಈಗ ಇನ್ನೊಂದು ಮಾತೂ ಸೇರಿಸುತ್ತೇನೆ. ಅದು ಯಾರ ಎದುರು ನಿಂತು ಮಾತಾಡುತ್ತಿದ್ದೇವೆ ಅನ್ನುವುದರ ಗುರುತೂ ಹೌದು. ಸುಳ್ಳು ಹೇಳಲಾಗದವರ ಎದುರು ನಿಂತರೆ ಮಾತು ತಾನೇ ನೆಟ್ಟಗಾಗುತ್ತದೆ. ನಾನು ಎಂಟು ತಿಂಗಳು ಸಂಚಿಕೆ ಓದುವ ಸಭೆಯ ಎದುರು ನಿಂತು ಬರೆಯಲು ನೋಡಿದೆ, ಬರಲಿಲ್ಲ. ಆ ಹುಡುಗನ ಎದುರು ನಿಂತಾಗ ಬಂತು.

ಈಗ ಬರೆಯುತ್ತಿದ್ದೀನಾ ಅಂದರೆ, ಬರೆಯುತ್ತಿದ್ದೀನಿ. ಟ್ರೊಲೋಪನ ಲೆಕ್ಕದಲ್ಲಲ್ಲ. ವಾರಕ್ಕೆ ಎರಡು ಬೆಳಗ್ಗೆ, ಅರ್ಧ ಪುಟ. ಉತ್ಸಾಹ ಮೊದಲು ಬರುತ್ತೆ, ಆಮೇಲೆ ಬರೆಯೋದು ಅಂದುಕೊಂಡಿದ್ದೆ. ಹಾಗಲ್ಲ. ತಪ್ಪಿಸಿಕೊಂಡು ಓಡಾಡುತ್ತಿದ್ದ ವಾಕ್ಯ ಬರೆದ ಮೇಲೆ ಅದು ಹಿಂದೆ ಹಿಂದೆ ಬಂತು.

ನಿಮ್ಮದೂ ನಿಂತಿದ್ದರೆ ಗಾಬರಿ ಬೀಳಬೇಡಿ. ಕೆರೆ ಒಣಗಿದೆಯೋ, ತೂಬಿಗೆ ಏನಾದರೂ ಸಿಕ್ಕಿಕೊಂಡಿದೆಯೋ, ಮೊದಲು ಅದನ್ನು ನೋಡಿ. ಒಣಗಿದ್ದರೆ ಕಾಯಿರಿ. ಸಿಕ್ಕಿಕೊಂಡಿದ್ದರೆ ಮಾತ್ರ, ಆ ಮುದುಕ ಹೇಳಿದಂಗೆ, ಯಾರಾದರೂ ಮುಳುಗಲೇಬೇಕು. ನಿಮ್ಮ ಕೆರೆಗೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ಮುಳುಗಲಾರರು.